ಅಪ್ಪನ ಪಲ್ಪರ್, ಮಗನ ಅಂಗಡಿ

ಸೋಮವಾರಪೇಟೆಯ ಕೊರಿಯರ್ ಆಫೀಸಿನ ಸಾಲು. ನನ್ನ ಮುಂದೆ ಕಾಫಿಪುಡಿ ಪೊಟ್ಟಣಗಳೊಂದಿಗೆ ತಾಯಿ, ಮಗ.

“ರೆಡಿಮೇಡ್ ಆನ್‌ಲೈನ್ ಅಂಗಡಿ ಬೇಡಮ್ಮ. ಆರ್ಡರ್ ಬಂದ್ಮೇಲೆ ಹುರಿಯೋರು ನಾವು. ಯಾವತ್ತು ಹುರೀಬೇಕು ಅಂತ ಗಿರಾಕೀನ ಕೇಳೋ ಜಾಗಾನೇ ಅದರಲ್ಲಿಲ್ಲ. ವೆಬ್‌ಸೈಟಿನ ಕೋಡ್ ಪೂರ್ತಿ ನಾನೇ ಬರೀತೀನಿ.”

“ತೋಟದಲ್ಲಿ ಹಣ್ಣು ಕೀಳೋದು ಮುಗಿದ್ರೂ ಬರೀತಾನೇ ಇದ್ದೀಯ. ನಿಮ್ಮಪ್ಪನೂ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ನಾನೇ ಮಾಡ್ತೀನಿ ಅಂತ ಕೂತಿದ್ರು. ಆ ವರ್ಷದ ಹಣ್ಣು ರಾಶೀಲೇ ಕೊಳೀತು.”

“ಈಗಿರೋದು ಅಪ್ಪ ಮಾಡಿದ್ದಲ್ವಾ?”

“ಕೊಂಡಿದ್ದು ಕಣೋ. ನಮ್ಮ ಸಣ್ಣ ಕಾಳಿಗೆ ಅದರ ಜರಡಿ ಆಗ್ಲಿಲ್ಲ. ಜರಡಿ ಒಂದನ್ನ ಅವರೇ ಮಾಡಿ ಕೂರಿಸಿದ್ರು.”



“ಹಂಗಾದ್ರೆ ರೆಡಿಮೇಡ್ ಅಂಗಡೀನೇ ತಗೊಂಡು, ಹುರಿಯೋ ದಿನದ್ದು ಮಾತ್ರ ನಾನು ಬರೀಲಾ?”

“ಬರಿ. ಅಂಗಡಿ ಇವತ್ತೇ ತೆಗಿ.”

“ನೀನು ಪಲ್ಪರ್ ವಿಷಯ ಎತ್ತಿದ್ದು ಅಪ್ಪಂಗೆ ಹೇಳ್ಬೇಡಮ್ಮ.”

“ಅದನ್ನ ನಿಂಗೆ ಹೇಳು ಅಂತ ಕಳ್ಸಿದ್ದೇ ಅವರು,” ಎನ್ನುತ್ತ ತಾಯಿ ಪೊಟ್ಟಣ ಎತ್ತಿಕೊಂಡು ಕೌಂಟರಿಗೆ ನಡೆದರು.