ಸುಂಕದ ಕಟ್ಟೆ ದಾಟಿದ ಹತ್ತು ಯಂತ್ರಗಳು

ಅಧ್ಯಕ್ಷತೆ ವಹಿಸಿರುವ ಕಾಂತರಾಜು ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ನಮ್ಮ ಅರಕಲಗೂಡಿನ ಹೆಣ್ಣುಮಗಳು ಪ್ರತಿಭಾ ಅವರೇ, ಊಟದ ಘಮ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಪ್ರತಿಭಾ ಹಟ ಹಿಡಿದಳೆಂದು ಕೊರಿಯರ್ ಅಂಗಡಿಯ ಈ ಚನ್ನಬಸವಯ್ಯನ ಕೈಗೆ ಮೈಕ್ ಕೊಟ್ಟಿದ್ದೀರಿ. ಪ್ರತಿಭಾ ನನಗೆ ಮಗಳ ಸಮಾನ, ಏಕವಚನವನ್ನು ಕ್ಷಮಿಸಬೇಕು.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಶಾಖ ಮೀರಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ? ವರ್ಷದ ದುಡಿಮೆ ಕರಕಲಾಗುತ್ತದೆ. ಶಾಖ ಮೀರಿದೊಡನೆ ಕೂಗಿಕೊಳ್ಳುವ ಅಂಗೈಯಗಲದ ಯಂತ್ರವನ್ನು ಇವಳು ಅಡುಗೆಮನೆಯ ಮೂಲೆಯಲ್ಲಿ ಕೂತು ಮಾಡಿದಳು. ಅಮೆರಿಕದ ರೈತನೊಬ್ಬ ಹತ್ತು ಕೇಳಿದ. ಸೊಪ್ಪು ಬೇಯಿಸುವ ಮೊದಲು ತಲುಪಿದರೆ ಇನ್ನೂ ಇನ್ನೂರು, ಇಲ್ಲದಿದ್ದರೆ ಒಂದೂ ಬೇಡ ಎಂದ.

ಆ ದೇಶದವರೋ ಸಣ್ಣ ಪಾರ್ಸೆಲ್ಲಿಗೂ ಸುಂಕ ಹಾಕಿದ್ದರು. ಒಳಗಿನ ಬಿಡಿಭಾಗಗಳು ಯಾವ ದೇಶದವು ಎಂದೂ ಫಾರಂನಲ್ಲಿ ಬರೆಯಬೇಕಂತೆ! ಹೆಣ್ಣು ಕೊಡುವಾಗಲೂ ನಾವು ಅಷ್ಟು ವಿಚಾರಿಸುವುದಿಲ್ಲ. ಉಡುಗೊರೆಗೆ ಮಾತ್ರ ವಿನಾಯಿತಿ ಇತ್ತು. "ಗಿಫ್ಟ್ ಅಂತ ಬರ್ದ್ಬುಡವ್ವ, ಮುಯ್ಯಿ ಅನ್ಕೊ" ಎಂದೆ.

"ದುಡ್ಡು ಇಸ್ಕಂಡಿವ್ನಿ ಸಾ, ಮುಯ್ಯಿ ಎಂಗಾಯ್ತದೆ?" ಎಂದಳು.

ಅವಳು ಅತ್ತ ಹೋದಳು. ನಾನು ಇತ್ತ ಕಂಪ್ಯೂಟರಿನಲ್ಲಿ 'ಗಿಫ್ಟ್' ಎಂದೇ ಒತ್ತಿದೆ. ಊರ ಮಗಳಿಗೆ ಅಷ್ಟೂ ಮಾಡದಿದ್ದರೆ ನಾನೆಂಥ ಹಿರಿಯ ಎನ್ನಿಸಿತ್ತು. ಅಯ್ಯೋ, ಇದು ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ. ಬಾಯಿ ತಪ್ಪಿ ಬಂದುಬಿಟ್ಟಿತು, ಇರಲಿ.

ಪೆಟ್ಟಿಗೆಯ ಹೊರಗೆ ಗಿಫ್ಟ್, ಒಳಗೆ ಅವಳಿಟ್ಟ ಮಾರಾಟದ ಬಿಲ್ಲು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ನಡೆಯುತ್ತದೆಯೇ? ತಿಂಗಳಾದ ಮೇಲೆ ಪೆಟ್ಟಿಗೆ ವಾಪಸ್ ಬಂತು. "ಫಾರಂ ತಪ್ಪು ತುಂಬಿದ್ಯೇನವ್ವ?" ಎಂದು ಕಂಡಕಂಡವರೆಲ್ಲ ಕೇಳಿದರು. "ಊಂ, ನಂದೇ ತೆಪ್ಪು" ಎಂದಳು. ನಾನು ಬಾಯಿ ಬಿಡಲಿಲ್ಲ. ವಾರವಿಡೀ ಕೂತು ನಿಯಮ ಓದಿದಳು, ಒಂದೊಂದು ಬಿಡಿಭಾಗದ ಹುಟ್ಟೂರು ಹುಡುಕಿ ಬರೆದಳು, ಸುಂಕ ಕಟ್ಟಿ ಮತ್ತೆ ಕಳಿಸಿದಳು. ಆ ರೈತ ಬ್ಯಾರನ್ನಿಗೆ ಬೆಂಕಿ ಹಾಕುವ ಎರಡು ದಿನ ಮೊದಲು ತಲುಪಿತು. ಇನ್ನೂರಕ್ಕೆ ಆರ್ಡರ್ ಬಂತು. ಇಂಥವಳಿಗಲ್ಲದೆ ಇನ್ಯಾರಿಗೆ ಶಾಲು ಹೊದಿಸಬೇಕು, ಹೇಳಿ?

ಒಂದು ನಿಮಿಷ. ವಾಪಸ್ ಬಂದ ಪೆಟ್ಟಿಗೆಯ ಮೇಲೆ ನಾನು ಅಂಟಿಸಿದ ಚೀಟಿ ಹಾಗೇ ಇತ್ತು. 'ಗಿಫ್ಟ್' ಎಂದು ಅಚ್ಚಾಗಿತ್ತು. ನಾನೇ ಕೈಯಾರೆ ಅವಳಿಗೆ ಕೊಟ್ಟೆ. ಎರಡನೇ ಸಲ ಬಂದವಳು, "ಈ ಸತಿ ನೀವು ಟೈಪ್ ಮಾಡೋವಾಗ ನಾನೂ ನೋಡ್ತೀನಿ ಸಾ" ಎಂದು ಸ್ಟೂಲು ಎಳೆದು ಪಕ್ಕದಲ್ಲೇ ಕೂತಳು. ಕಲಿಯುವ ಆಸೆ ಎಂದುಕೊಂಡಿದ್ದೆ.

ನಿನಗೆ ಗೊತ್ತಿತ್ತೇನಮ್ಮಾ? ಗೊತ್ತಿದ್ದೂ, ನಿನ್ನ ಬಗ್ಗೆ ನಾನೇ ಮಾತಾಡಬೇಕೆಂದು ಈ ಸಂಘಟಕರ ಹತ್ತಿರ ಹಟ ಹಿಡಿದೆಯಾ?

ಸಭಿಕರೇ, ತಪ್ಪು ಅವಳದಲ್ಲ, ನನ್ನದು. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನನಗೆಂದು ತಂದಿಟ್ಟಿರುವ ಹಾರವನ್ನೂ ದಯವಿಟ್ಟು ಅವಳಿಗೇ ಹಾಕಿ. ನಮಸ್ಕಾರ.