ಬಾಯಾರ ಹಂಸಪಾದ

ಸಂಜೆ ಹಿಡಿದ ಮಳೆ ಬೆಟಗೇರಿಯ ಓಣಿಗಳನ್ನೆಲ್ಲ ತೋಯಿಸಿ ಕರೆಂಟನ್ನೂ ಒಯ್ದಿತ್ತು. ಪಕ್ಕದ ಮನೆಯ ಹೊಳೆಯಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಇಸ್ಮಾಯಿಲಸಾಬರ ಪಡಸಾಲೆಗೆ ಬಂದು ಕೂತ. ಒಂದು ಕಾಲಕ್ಕೆ ಇಬ್ಬರೂ ಒಂದೇ ಪ್ರೆಸ್ಸಿನಲ್ಲಿ ದುಡಿದವರು. ಇಸ್ಮಾಯಿಲಸಾಬರು ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ಹೊಳೆಯಪ್ಪ ಯಂತ್ರ ತುಳಿಯುತ್ತಿದ್ದ. ಸೊಸೆ ತಬಸ್ಸುಮ ಚಹಾ ತಂದಿಟ್ಟಳು. ಮೊಮ್ಮಗಳು ಸಾಯಿಮಾ ಮೇಣದಬತ್ತಿ ಹಚ್ಚಿ, ದೆವ್ವದ ಕತೆ ಹೇಳು ದಾದಾ ಎಂದು ಗಂಟುಬಿದ್ದಳು.

"ದೆವ್ವ ಅನಬ್ಯಾಡವಾ," ಎಂದರು ಇಸ್ಮಾಯಿಲಸಾಬರು. "ಅವರು ನಮ್ಮ ಬಾಯಾರು. ಸರಸ್ವತಿಬಾಯಿ ಅಂತ, ಲಕ್ಷ್ಮೇಶ್ವರದ ಶಾಲಿಯೊಳಗ ಕಲಸಾವ್ರು. ಶನಿವಾರ ಮುಂಜಾನಿ ಶಾಲಿ ಮುಗಿಸಿ, ಬಸ್ ಹಿಡದು, ಮಧ್ಯಾಹ್ನ ಮೂರಕ್ಕ ಸರಿಯಾಗಿ ಪ್ರೆಸ್ಸಿಗೆ ಬರಾವ್ರು... ಕಿಡಕಿ ಕಡೆ ಸ್ಟೂಲಿನ ಮ್ಯಾಲ ಕುಂತು, ಹಸಿರು ಶಾಯಿಲೆ ತಮ್ಮ ಪುಸ್ತಕದ ಪ್ರೂಫ್ ತಿದ್ದಾವ್ರು. ಎಂಥಾ ಪುಸ್ತಕ ಅಂತೀರಿ? ಜಪಾನ ದೇಶದ್ದು. ಸಾವಿರ ವರ್ಷದ ಹಿಂದ ಅಲ್ಲೆ ದೊಡ್ಡ ಮನೆತನದ ಹೆಣ್ಮಗಳೊಬ್ಬಾಕಿ ಕವಿತಾ ಬರೀತಿದ್ಳಂತ, ಆಕಿ ಬಾಳೇವು. ನಸಿಕಿನ್ಯಾಗ ಎದ್ದು, ಅಡಗಿಗೆ ಮೊದ್ಲ ಒಂದೊಂದು ಹಾಳಿ ಬರದು, ಹನ್ನೆರಡು ವರ್ಷಕ್ಕ ಮುಗಿಸಿದ್ರು ನೋಡ್ರಿ."

"ಓದಿ ಹೇಳಾವ್ರು ನಮಗ," ಎಂದ ಹೊಳೆಯಪ್ಪ.

"ಹೇಳಾವ್ರು. ಆ ಹೆಣ್ಮಗಳು ಪರದೆ ಹಿಂದ ಕುಂಡ್ರಾಕಿ. ಪರಪುರುಷರಿಗೆ ಮುಖ ತೋರಿಸಂಗಿಲ್ಲ, ಪರದೆ ಕೆಳಗ ಅಂಗಿ ತೋಳಿನ ಅಂಚಷ್ಟೇ ಕಾಣಬೇಕು, ಒಂದರ ಮ್ಯಾಲೊಂದು ಬಣ್ಣ. ಗಂಡ ಬಂದ್ರ ಬಂದ, ಇಲ್ಲಾಂದ್ರ ತಿಂಗಳಾನುಗಟ್ಟಲೆ ಇಲ್ಲ. ಆಕಿ ಐದು ಸಾಲು ಬರದು, ಹೂವಿನ ಟೊಂಗಿಗೆ ಕಟ್ಟಿ ಕಳಸ್ತಿದ್ಳು. ಅರಸನ ಓಲಗದಾಗ ಅದನ್ನ ಓದಿ ತಲಿ ದೂಗ್ತಿದ್ರಂತ... ಆದ್ರ ಆಕಿ ಹೆಸರು? ಯಾರೂ ಬರದಿಡಲಿಲ್ಲ. ಇಂಥಾವನ ಹೆಂಡತಿ, ಇಂಥಾವನ ತಾಯಿ, ಅಷ್ಟೇ. ಗಂಡ ಏರ್ತಿದ್ದ ಕುದರಿ ಹೆಸರು ಸೈತ ಉಳದೈತಿ, ಆಕಿದು ಉಳದಿಲ್ಲ. ಆ ಹಾಳಿ ಓದೂ ಮುಂದ ಬಾಯಾರ ದನಿ ನಡಗ್ತಿತ್ತು. ನಾ ಅದನ್ನ ಒಂದೊಂದು ಮೊಳಿ ಎತ್ತಿ ಜೋಡಿಸೀನಿ. ಎಲ್ಲಾ ಈ ಬೆರಳಿನಿಂದ ಹಾದು ಹೋತು, ತಲಿಗೆ ಮಾತ್ರ ಹತ್ತಲಿಲ್ಲ."

ಅವರು ಚಹಾ ಮುಟ್ಟದೆ ಬಸಿಯನ್ನು ಪಕ್ಕಕ್ಕೆ ಸರಿಸಿದರು.

"ಹೊಟ್ಟಿಬ್ಯಾನಿ ಹೆಚ್ಚಾಗಿ ಬಾಯಾರು ಹಾಸಿಗಿ ಹಿಡದ್ರು. ಇನ್ನ ರಕ್ಷಾಪತ್ರ ಒಂದ ಉಳದಿತ್ತು, ಪುಸ್ತಕದ ಮ್ಯಾಲಿನ ಹೊದಿಕಿ. ಚೀಟಿಯೊಳಗ ಬರದು ಕಳಿಸಿದ್ರು, 'ಸರಸ್ವತಿಬಾಯಿ' ಅಂತ, ಬರೇ ಅಷ್ಟ. ನನಗ ಸರಿ ಅನಸಲಿಲ್ಲ. ಮರ್ಯಾದಸ್ತರ ಮನಿ ಹೆಣ್ಮಗಳ ಹೆಸರು ಬಜಾರದಾಗ ಕಂಡಕಂಡವರ ಕೈಯಾಗ ಬೀಳೂದಾ? ನಿಮ್ಮಜ್ಜಿ ಹಸೀನಾಬಿನ್ನ ನಾಕು ಮಂದಿ ಮುಂದ ನಾ ಎಂದೂ ಹೆಸರು ಹಿಡದು ಕರದಾಂವಲ್ಲ. ಅದನ್ನ ಅದಬು, ಮರ್ಯಾದಿ ಅಂತ ತಿಳಕೊಂಡಿದ್ದೆ. ಅದಕ್ಕ ಏನು ಮಾಡಿದೆ... ದಪ್ಪ ಮೊಳಿ ಆರಿಸಿ, ಸುತ್ತೂ ಬಳ್ಳಿ ಹಾಕಿ, ಛಂದಂಗೆ ಜೋಡಿಸಿದೆ. 'ಬರೆದವರು: ಶ್ರೀ ಗೋಪಾಲರಾಯರ ಧರ್ಮಪತ್ನಿ.' ಐನೂರು ಪ್ರತಿ ಹೊಲಿಸಿ, ಗಂಟು ಕಟ್ಟಿ, ಶಾಬಾಸಕಿ ತಗೊಳ್ಳಾಕ ನಾನ ಲಕ್ಷ್ಮೇಶ್ವರಕ್ಕ ಒಯ್ದೆ."

"ಅಯ್ಯ ದಾದಾ," ಎಂದಳು ಸಾಯಿಮಾ ಮೆಲ್ಲಗೆ.

"ನೋಡಿದ್ರು. ಸಿಟ್ಟಿಲ್ಲ, ಬೈಗಳಿಲ್ಲ. ತಲಿದಿಂಬಿನ ಕೆಳಗಿಂದ ಪೆನ್ನು ತಗೊಂಡು ಅಲ್ಲೊಂದು ಹಂಸಪಾದ ಹಾಕಿದ್ರು. ಅಕ್ಷರ ಬಿಟ್ಟುಹೋದಲ್ಲೆ ಪ್ರೂಫ್ ತಿದ್ದಾವ್ರು ಹಾಕ್ತಾರಲ್ಲ, ಹಕ್ಕಿ ಕಾಲಿನಂಥಾ ಗುರುತು, ಅದು. ಮ್ಯಾಲ ಬರದ್ರು, 'ಹೆಸರು?' ಅಂತ. 'ಬದಲ ಮಾಡಿ ತರ್ರಿ ಇಸ್ಮಾಯಿಲಸಾಬ್ರ, ನಾ ಕಾಯ್ತೀನಿ' ಅಂದ್ರು. ಪುಸ್ತಕ ಅಲ್ಲೆ ಬಿಟ್ಟು, ಹೊಸಾ ಹೊದಿಕಿ ಶನಿವಾರ ತರ್ತೀನ್ರಿ ಅಂತ ಮಾತು ಕೊಟ್ಟು ಬಂದೆ."

ಮಳೆ ಜೋರಾಯಿತು. ಹೊಳೆಯಪ್ಪ ತಲೆ ತಗ್ಗಿಸಿ ಕೂತಿದ್ದ. ಮುಂದಿನದು ಅವನಿಗೂ ಗೊತ್ತಿತ್ತು.

"ಅದು ಗದಗ ಹೊಸಾ ಜಿಲ್ಲಾ ಆದ ವರ್ಷ. ಮುಂಡರಗಿ, ಶಿರಹಟ್ಟಿ ಅನ್ನದ ಎಲ್ಲಾ ಕಡಿಂದ ಮಂದಿ ಬಂದು ಬಿದ್ರು. ಎಲ್ಲಾರ ಕಾಗದದ ಮ್ಯಾಲೂ 'ಜಿಲ್ಲಾ ಧಾರವಾಡ' ತಗದು 'ಜಿಲ್ಲಾ ಗದಗ' ಆಗಬೇಕು, ಅದೂ ಜಲ್ದಿ. ಒಂದು ತಾಸಿನ ಕೆಲಸ ಬಾಯಾರದು. ಈ ವಾರ ಆಗಲಿಲ್ಲ, ಬರೂ ವಾರ ಅಂದೆ... ಬರೂ ವಾರನೂ ಆಗಲಿಲ್ಲ. ಮೂರನೇ ವಾರ ಹೊಸಾ ಹೊದಿಕಿ ತಗೊಂಡು ಹೋದ್ರ, ಹಾಸಿಗಿ ಮಡಚಿಟ್ಟಿತ್ತು. ಗೋಪಾಲರಾಯರು, 'ಐದು ದಿನ ಆತ್ರಿ ಹೋಗಿ. ಪುಸ್ತಕ ಎಲ್ಲಾ ಮಾತಾಡ್ಸಾಕ ಬಂದವರಿಗೆ ಕೊಟ್ಟೆ' ಅಂದ್ರು. ಹೆಸರಿದ್ದ ಐನೂರು ಹೊದಿಕಿ ನನ್ನ ಕೈಯಾಗ ಉಳದ್ವು. ಎಂಥಾ ಪಾಪದ ಕೆಲಸ ಮಾಡಿದೆ ನಾ."

ತಬಸ್ಸುಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದುಕರು ಮುಂದುವರಿಸಿದರು.

"ಮುಂದಿನ ಶನಿವಾರ, ಮಧ್ಯಾಹ್ನ ಮೂರು. ಕಳಸಾಪುರದ ಚನ್ನಬಸವಣ್ಣ ಹೊಸಾ ಮನಿ ಹೊಗಾಂವ ಇದ್ದ, ಅದರ ಕಾರ್ಡು. 'ಚನ್ನಬಸವಣ್ಣ ಮತ್ತು ಅವರ ಧರ್ಮಪತ್ನಿ' ಅಂತ ಪ್ರೂಫ್ ತಗದು ಕಿಡಕಿ ಕಡೆ ಇಟ್ಟು, ಕೈ ತೊಳಕೊಂಡು ಬಂದೆ. ಧರ್ಮಪತ್ನಿ ಪಕ್ಕಕ್ಕ ಹಸಿರು ಹಂಸಪಾದ... ಮ್ಯಾಲ 'ಹೆಸರು?'"

"ಶಾಯಿ ಹಸಿ ಇತ್ತವಾ," ಎಂದ ಹೊಳೆಯಪ್ಪ. "ನಾ ಬೆರಳು ಹಚ್ಚಿ ನೋಡೀನಿ."

"ಓಡಿ ಹೋಗಿ ಕೇಳ್ಕೊಂಡು ಬಂದೆ. ಕರೆವ್ವ ಅಂತ ಆಕಿ ಹೆಸರು. ಹಾಕಿದೆ. ಅಲ್ಲಿಂದ ಪ್ರೆಸ್ ಮುಚ್ಚೂತನಕ ಇದ ಬಾಳೇವು. ಯಾವ ಶನಿವಾರ ಒಬ್ಬಾಕಿ ಹೆಸರು ಬಿಟ್ಟಿದ್ರೂ ಮೂರಕ್ಕ ಆ ಗುರುತು ಬೀಳಾಕಬೇಕು. ಮೊಳಿಯೆಲ್ಲಾ ಮೋಡಕಾ ಅಂಗಡಿಗೆ ಸೀಸದ ತೂಕಕ್ಕ ಹೋದ್ವು. ಇನ್ನ ಮುಗೀತು, ಬಾಯಾರು ನನ್ನ ಬಿಟ್ರು ಅಂತ ತಿಳಕೊಂಡೆ..."

ಅವರ ಕೈ ಅಂಗಿಯ ಕಿಸೆಗೆ ಹೋಯಿತು. ನಾಲ್ಕು ಮಡಿಕೆಯ ಕಾಗದ ತೆಗೆದು ಸೊಸೆಯ ಕೈಗಿಟ್ಟರು.

"ನಮ್ಮಮ್ಮನ ಗೋರಿಗೆ ಕಲ್ಲು ಹಾಕಸಬೇಕಂತ ನಿನ್ನೆ ಬರದಿಟ್ಟಿದ್ದೆ. ಇವತ್ತ ಶನಿವಾರ, ಮೂರಕ್ಕ ಗೋರಿ ಕಲ್ಲು ಕೆತ್ತಾಂವಗ ಕೊಡಾಕ ಅಂತ ಬಿಚ್ಚಿದೆ. ಓದವಾ."

ತಬಸ್ಸುಮ ಅದನ್ನು ಬೆಳಕಿಗೆ ಹಿಡಿದಳು. 'ಬೆಟಗೇರಿಯ ಇಸ್ಮಾಯಿಲಸಾಬ ಇವರ ತಾಯಿ' ಎಂದಿತ್ತು. ತಾಯಿ ಎಂಬುದರ ಪಕ್ಕದಲ್ಲಿ ಹಸಿರು ಗುರುತು, ಮೇಲೆ ದುಂಡಗಿನ ಅಕ್ಷರದಲ್ಲಿ ಒಂದೇ ಪದ.

"ಹಾಕ್ರಲ್ಲ ಅಬ್ಬಾ. ಏನಿತ್ತು ಅವರ ಹೆಸರು?"

ಇಸ್ಮಾಯಿಲಸಾಬರು ಬಾಗಿಲ ಕಡೆ ನೋಡಿದರು.

"ನಾ ನಾಕು ವರ್ಷದಾಂವ ಇದ್ದಾಗ ತೀರಿಕೊಂಡ್ಳು. ಎಲ್ಲಾರೂ ಇಸ್ಮಾಯಿಲನ ಅಮ್ಮಾ ಅಂತಿದ್ರು. ಅಪ್ಪ ಇದ್ದ, ಅತ್ತಿ ಇದ್ಳು, ಒಬ್ಬರನ್ನೂ ಕೇಳಲಿಲ್ಲ. ಈಗ ಗೊತ್ತಿದ್ದವ್ರು ಯಾರೂ ಉಳದಿಲ್ಲ... ಬರೂ ಶನಿವಾರ ಬಾಯಾರು ಮತ್ತ ಬಂದು ಕೇಳ್ತಾರ. ನಾ ಏನಂತ ಹೇಳ್ಲವಾ?"