ಹೊಸದಾದರೆ ಒಳ್ಳೆಯದು

ರಕ್ತಪರೀಕ್ಷೆಯ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಸಲೂನಿನವರೊಬ್ಬರು ಹೆಂಡತಿಯೊಂದಿಗೆ ಕೂತಿದ್ದರು. ಅವರ ಕಣ್ಣು ಹಳದಿಗಟ್ಟಿತ್ತು.

“ಹೆಪಟೈಟಿಸ್ ಬಿ ಅಂತ ಗೊತ್ತಾಯ್ತಲ್ಲ, ಮತ್ಯಾಕೆ ರಕ್ತ?” ಎಂದರು ಅವರು.

“ಈಗ ಬಂದಿದ್ದೋ, ವರ್ಷಗಳಿಂದ ಒಳಗೇ ಇತ್ತೋ ನೋಡ್ತಾರಂತೆ. ಹೊಸದಾದ್ರೆ ಹೆಚ್ಚಿನವರಿಗೆ ತಾನಾಗೇ ವಾಸಿಯಾಗುತ್ತಂತೆ.”

“ಹೊಸದೇ ಇರಬೇಕು.”

“ಮದುವೆಯಾದಾಗಿಂದ ನಿಮ್ಮ ಹತ್ರ ಹೊಸದು ಅಂತ ನಾನೇನೂ ಕಂಡಿಲ್ಲ.”

“ಹೋದ ವರ್ಷ ಕನ್ನಡಕ ಬದಲಾಯಿಸಿದ್ನಲ್ಲೇ.”

“ಗಾಜು ಮಾತ್ರ.”

ಅವರು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: “ನಿನಗೂ ಅಂಟಿದ್ರೆ?”

“ಅದನ್ನೂ ಇವತ್ತೇ ನೋಡ್ತಾರೆ. ನನ್ನ ಹೆಸರೂ ಬರೆಸಿದೀನಿ.”

ಒಳಗಿನಿಂದ ಕರೆದರು. ಅವರು ಏಳಲಿಲ್ಲ.

“ದಿನಾ ಊರವರ ಕತ್ತಿಗೆ ಕತ್ತಿ ಇಡೋರು, ಸೂಜಿಗೆ ಹೆದರೋದಾ? ಬನ್ನಿ, ಮೊದಲು ನಾನೇ ಕೊಡ್ತೀನಿ.”

ಆಕೆ ಕೈ ಹಿಡಿದು ಎಬ್ಬಿಸಿದರು. ಇಬ್ಬರೂ ಒಳಗೆ ಹೋದರು.